ಸೀಲ್ ಹೊಸದು, ಸೋರಿಕೆ ಹಳೆಯದು: ಅಂಬಾಸಿಡರ್ ಡಿಫರೆನ್ಷಿಯಲ್ ಎಣ್ಣೆ ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಮ್ಮ ತಂದೆಯವರ ಕಾಲದ ಅಂಬಾಸಿಡರ್ ಇಂದಿಗೂ ಓಡುತ್ತಿದೆ. ಹಿಂದಿನ ಡಿಫರೆನ್ಷಿಯಲ್‌ನಿಂದ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ) ಎಣ್ಣೆ ಸೋರುತ್ತಿತ್ತು. ಕೋಲಾರದಲ್ಲಿ ಪಿನಿಯನ್ ಸೀಲ್ (ಅದರೊಳಗೆ ಹೋಗುವ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ) ಬದಲಾಯಿಸಿದೆವು. ಕೆಲವು ವಾರ ಚೆನ್ನಾಗಿತ್ತು, ಈಗ ಮತ್ತೆ ನಿಲ್ಲಿಸಿದ ಕಡೆಯಲ್ಲೆಲ್ಲ ಕಲೆ. ಮೇಸ್ತ್ರಿ ಇನ್ನೊಂದು ಸೀಲ್ ಹಾಕೋಣ ಎನ್ನುತ್ತಾರೆ. ಪರಿಚಿತರೊಬ್ಬರು 140ರ ದಪ್ಪ ಎಣ್ಣೆ ಹಾಕಿದರೆ ನಿಲ್ಲುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಲಿ? ಅಲ್ಲಿಯವರೆಗೆ ಗಾಡಿ ಓಡಿಸಬಹುದೇ?
– ಶ್ರೀನಿವಾಸಪುರ ತಾಲ್ಲೂಕಿನ ಓದುಗರು

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಸರಿಯಾಗಿ ಕೂರಿಸಿದ ಆಯಿಲ್ ಸೀಲ್ ವರ್ಷಗಟ್ಟಲೆ ಬಾಳಬೇಕು. ಕೆಲವೇ ವಾರಗಳಲ್ಲಿ ಸೋತಿದೆ ಎಂದರೆ ಅದನ್ನು ಸೋಲಿಸಿದ್ದು ಬೇರೆ ಏನೋ ಇದೆ. ಅದನ್ನು ಹುಡುಕದೆ ಮೂರನೆಯ ಸೀಲ್ ಹಾಕಿದರೆ, ನಾಲ್ಕನೆಯದಕ್ಕೂ ಈಗಲೇ ದುಡ್ಡು ತೆಗೆದಿಡಿ.

ಮೊದಲು ಸೋರುತ್ತಿರುವುದು ಯಾವ ಎಣ್ಣೆ, ಎಲ್ಲಿಂದ ಎಂಬುದು ಖಚಿತವಾಗಲಿ. ಅಂಬಾಸಿಡರ್ ಎಂಜಿನ್ ಸೋರುವುದು ನಿಂತರೆ ಒಳಗೆ ಎಣ್ಣೆಯೇ ಉಳಿದಿಲ್ಲ ಎಂದರ್ಥ ಎಂಬ ಹಾಸ್ಯ ಗ್ಯಾರೇಜುಗಳಲ್ಲಿ ಹಳೆಯದು. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೇ ತಳ್ಳುತ್ತದೆ. ಆದ್ದರಿಂದ ಎಂಜಿನ್ನಿನದೋ ಗೇರ್ ಬಾಕ್ಸ್‌ನ ಹಿಂಬದಿಯ ಸೀಲಿನದೋ ಎಣ್ಣೆ ಬಂದು ಡಿಫರೆನ್ಷಿಯಲ್ ಮೇಲೆ ಕೂತು, ತಪ್ಪು ಮಾತ್ರ ಡಿಫರೆನ್ಷಿಯಲ್ ತಲೆಗೆ ಬರುವುದುಂಟು. ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿ. ಡಿಫರೆನ್ಷಿಯಲ್ ಎಣ್ಣೆಗೆ ಗಂಧಕದ ಘಾಟು ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಎಂಜಿನ್ ಎಣ್ಣೆ ಸಾಮಾನ್ಯವಾಗಿ ಕಪ್ಪಗೆ, ತೆಳ್ಳಗೆ ಇರುತ್ತದೆ. ಚಕ್ರದ ಒಳಬದಿಯಲ್ಲಿ ಇಳಿಯುತ್ತಿರುವುದು ನೀರಿನಲ್ಲಿ ಸಲೀಸಾಗಿ ತೊಳೆದುಹೋದರೆ ಅದು ಬ್ರೇಕ್ ಎಣ್ಣೆ. ಆ ರೋಗವೇ ಬೇರೆ, ಅದಕ್ಕೆ ಅಂದೇ ಮದ್ದು ಮಾಡಬೇಕು.

ಆಮೇಲೆ ಡಿಫರೆನ್ಷಿಯಲ್‌ನ ಹೊರಕವಚವಾದ ಇಡೀ ಹೌಸಿಂಗನ್ನು ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ. ಪಿನಿಯನ್ ಮೂತಿ, ಹೌಸಿಂಗ್ ಜೋಡಣೆಯ ಸುತ್ತು, ಪ್ಲಗ್‌ಗಳು, ಎರಡೂ ಬ್ರೇಕ್ ಪ್ಲೇಟಿನ ಕೆಳಭಾಗ – ಇಷ್ಟಕ್ಕೂ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಕೋಲಾರದವರೆಗೆ ಹೋಗಿಬಂದು ಟಾರ್ಚ್ ಹಿಡಿದು ನೋಡಿ. ಪೌಡರ್ ಮೊದಲು ಒದ್ದೆಯಾದ ಜಾಗವೇ ಮೂಲ. ಪಿನಿಯನ್ ಸೀಲ್ ಸೋರುತ್ತಿದ್ದರೆ ಇನ್ನೊಂದು ಸಾಕ್ಷಿಯೂ ಸಿಗುತ್ತದೆ: ಪಿನಿಯನ್ ತುದಿಯಲ್ಲಿ ತಿರುಗುವ ಫ್ಲ್ಯಾಂಜ್ ಎಂಬ ಬಿಲ್ಲೆ ಎಣ್ಣೆಯನ್ನು ಚಿಮ್ಮಿಸುವುದರಿಂದ, ಅದರ ನೇರಕ್ಕೆ ಗಾಡಿಯ ತಳದಲ್ಲಿ ಅಡ್ಡಗೆರೆ ಎಳೆದಂತೆ ಕಲೆ ಮೂಡಿರುತ್ತದೆ.

ಗಾಡಿಯ ಕೆಳಗೆ ನುಗ್ಗುವ ಮುನ್ನ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಸೈಜುಗಲ್ಲಿಗೆ ಬರವಿಲ್ಲ, ಜ್ಯಾಕ್ ಎತ್ತಿ ಎರಡು ಸೈಜುಗಲ್ಲು ತುರುಕಿ ಮಲಗುವ ಅಭ್ಯಾಸಕ್ಕೂ ಬರವಿಲ್ಲ. ಕಲ್ಲು ಭಾರಕ್ಕೆ ಸದ್ದಿಲ್ಲದೆ ಸೀಳುತ್ತದೆ ಅಥವಾ ಕಬ್ಬಿಣದ ಅಡಿಯಿಂದ ಜಾರುತ್ತದೆ. ಸ್ಟ್ಯಾಂಡ್ ಇಡಿ, ಮುಂದಿನ ಚಕ್ರಗಳಿಗೆ ಅಡೆ ಕೊಡಿ.

ಈಗ ನಿಮ್ಮ ಗಾಡಿಯ ವಿಷಯ. ಮೂಲ ಪಿನಿಯನ್ ಸೀಲೇ ಎಂದು ಖಚಿತವಾದರೆ ನನ್ನ ಮೊದಲ ಅನುಮಾನ ಬ್ರೀದರ್ ಮೇಲೆ. ಆಕ್ಸಲ್ ಹೌಸಿಂಗ್‌ನ ಮೇಲ್ಭಾಗದಲ್ಲಿ ಸಣ್ಣ ಗಾಳಿಕಿಂಡಿ ಇರುತ್ತದೆ, ಹಳೆಯ ಗಾಡಿಗಳಲ್ಲಿ ಅದನ್ನು ಯಾರೂ ನೋಡಿಯೇ ಇರುವುದಿಲ್ಲ. ಗಾಡಿ ಓಡಿದಂತೆ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲಿನ ಚಕ್ರಗಳು ಉಜ್ಜಿ ಎಣ್ಣೆ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಕಿಂಡಿ ತೆರೆದಿದ್ದರೆ ಹಿಗ್ಗಿದ್ದು ಹೊರಗೆ ಹೋಗುತ್ತದೆ. ಮುಚ್ಚಿದ್ದರೆ? 25 ಡಿಗ್ರಿಯಲ್ಲಿದ್ದ ಗಾಳಿ 80 ಡಿಗ್ರಿಗೆ ಕಾದಾಗ ಒಳಗಿನ ಒತ್ತಡ ಸುಮಾರು ಶೇಕಡ 18ರಷ್ಟು ಏರುತ್ತದೆ. ಟೈರಿಗೆ ಗಾಳಿ ಹಿಡಿಸುವ ಲೆಕ್ಕದಲ್ಲಿ ಅದು ಎರಡೂವರೆ ಪೌಂಡ್ ಆಸುಪಾಸು. ಕೇಳಲು ಅಲ್ಪ. ಆದರೆ ಸೀಲಿನ ರಬ್ಬರ್ ತುಟಿ ಇರುವುದು ಚಿಮ್ಮುವ ಎಣ್ಣೆಯನ್ನು ತಡೆಯಲಿಕ್ಕೇ ಹೊರತು ಒತ್ತಡ ಹಿಡಿದಿಡಲಿಕ್ಕಲ್ಲ. ಒತ್ತಡ ತುಟಿಯನ್ನು ಶಾಫ್ಟಿಗೆ ಅದುಮುತ್ತದೆ, ಅದು ಬೇಗ ಸವೆಯುತ್ತದೆ, ಸವೆದ ಸಂದಿನಿಂದ ಎಣ್ಣೆ ಹೊರಬರುತ್ತದೆ.

ನಮ್ಮ ಕೆಂಪು ಮಣ್ಣಿನ ಧೂಳು ಎಣ್ಣೆಯ ಪಸೆಯ ಮೇಲೆ ಕೂತು, ಅದರ ಮೇಲೆ ವಾಟರ್ ಸರ್ವಿಸ್ ನೀರು ಬಿದ್ದು ಒಣಗಿದರೆ ಗಾರೆಯಷ್ಟೇ ಗಟ್ಟಿ. ಬ್ರೀದರ್ ಸುತ್ತ ಕಟ್ಟುವುದು ಇದೇ. ಸುತ್ತಲಿನ ಮಣ್ಣನ್ನು ಮೊದಲು ಕೆರೆದು ತೆಗೆದು, ಬ್ರೀದರ್ ಬಿಚ್ಚಿ, ಡೀಸೆಲ್‌ನಲ್ಲಿ ನೆನೆಹಾಕಿ, ಗಾಳಿ ಹೊಡೆಸಿ. ಬಾಯಿಂದ ಊದಿದರೆ ಗಾಳಿ ಆಚೆ ಹೋಗಬೇಕು. ಖರ್ಚು ಏನೂ ಇಲ್ಲ, ಬಹುಶಃ ಅದಕ್ಕೇ ಇದನ್ನು ಯಾರೂ ಸೂಚಿಸುವುದಿಲ್ಲ.

ಬ್ರೀದರ್ ಮುಚ್ಚಿದ ಆಕ್ಸಲ್‌ಗೆ ತಣ್ಣೀರೂ ಶತ್ರು. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಒಳ್ಳೆಯ ಮಳೆಯಾದ ವರ್ಷ ಕೋಡಿ ಬಿದ್ದ ನೀರು ಹಳ್ಳಿಯ ರಸ್ತೆಯ ಮೇಲೇ ಹರಿಯುತ್ತದೆ. ಕಾದ ಹೌಸಿಂಗ್ ಆ ನೀರಿಗಿಳಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ತೆಗೆದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನಡೆದಿರುವುದು ಇದೇ. ಅಂಥ ಎಣ್ಣೆ ಪೂರ್ತಿ ಬದಲಾಗಲೇಬೇಕು, ಇಲ್ಲವಾದರೆ ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ.

ಎಣ್ಣೆಯ ಮಟ್ಟವನ್ನೂ ನೋಡಿ. ಸಮತಟ್ಟಾದ ನೆಲದಲ್ಲಿ ನಿಂತ ಗಾಡಿಗೆ ಎಣ್ಣೆ ತುಂಬುವ ತೂತಿನ ಕೆಳ ಅಂಚಿನವರೆಗೆ ಇದ್ದರೆ ಸಾಕು. ಹಿಂಭಾಗವನ್ನು ಜ್ಯಾಕ್‌ನಲ್ಲಿ ಎತ್ತಿ ತುಂಬಿಸಿದರೆ ಲೆಕ್ಕ ತಪ್ಪುತ್ತದೆ, ಹೆಚ್ಚಾದದ್ದು ಸೀಲಿನ ದಾರಿ ಹಿಡಿಯುತ್ತದೆ. ಇನ್ನೊಂದು ಎಚ್ಚರಿಕೆ: ಎಣ್ಣೆ ಇಳಿಸುವ ಮೊದಲು ತುಂಬುವ ಪ್ಲಗ್ ಬಿಚ್ಚಿಬರುತ್ತದೆಯೇ ನೋಡಿಕೊಳ್ಳಿ. ಕೆಳಗಿನದ್ದನ್ನು ತೆಗೆದು ಎಲ್ಲವನ್ನೂ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಗಾಡಿ ಅಲ್ಲೇ ಮಲಗುತ್ತದೆ.

ಬ್ರೀದರ್ ಸರಿ, ಮಟ್ಟವೂ ಸರಿ ಎಂದಾದರೆ ಗೇರ್ ಬಾಕ್ಸ್‌ನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಪಿನಿಯನ್ ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಾಡಿಸಿ. ತಿರುಗಿಸುವಾಗ ಸ್ವಲ್ಪ ಸಡಿಲ ಇರುವುದು ಸಹಜ, ಅದು ಹಲ್ಲುಗಳ ನಡುವಿನ ಜಾಗ. ಆದರೆ ಅಲುಗಾಡಿಸಿದಾಗ ಕೈಗೆ ಪ್ಲೇ, ಅಂದರೆ ಅಲುಗಾಟ, ಸಿಕ್ಕರೆ ಬೇರಿಂಗ್ ಸವೆದಿದೆ, ಇಲ್ಲವೇ ಅದರ ಬಿಗಿ ಹೋಗಿದೆ. ಕುಣಿಯುವ ಶಾಫ್ಟಿಗೆ ಯಾವ ಕಂಪನಿಯ ಸೀಲೂ ನಿಲ್ಲುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗವಾಗಿ ಹಿಂದಿನಿಂದ ಗೋಳಿಡುವ ಸದ್ದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆಗ ಡಿಫರೆನ್ಷಿಯಲ್ ಕೆಳಗಿಳಿಸಿ ಬೇರಿಂಗ್ ಹಾಕಿಸುವುದೇ ದಾರಿ. ಅಂಬಾಸಿಡರ್‌ನ ಗುಂಡನ್ನು (ಡಿಫರೆನ್ಷಿಯಲ್‌ನ ಇಡೀ ಗೇರ್ ಜೋಡಣೆಯನ್ನು) ಆಕ್ಸಲ್ ಶಾಫ್ಟ್‌ಗಳನ್ನು ಎಳೆದ ಮೇಲೆ ಮುಂಭಾಗದಿಂದ ಹೊರತೆಗೆಯಬೇಕು. ಕ್ರೌನ್ ಮತ್ತು ಪಿನಿಯನ್ ಹೊಂದಿಸುವುದು ಅನುಭವಸ್ಥರ ಕೆಲಸ, ಮನೆಯಂಗಳದಲ್ಲಿ ಕಲಿಯುವಂಥದ್ದಲ್ಲ.

ಪ್ಲೇ ಇಲ್ಲದಿದ್ದರೆ ಫ್ಲ್ಯಾಂಜ್ ಕಳಚಿಸಿ, ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ. ಇದು ನನ್ನ ಎರಡನೆಯ ಅನುಮಾನ. ವರ್ಷಗಟ್ಟಲೆ ರಬ್ಬರ್ ಮತ್ತು ಧೂಳು ಸೇರಿ ಉಕ್ಕನ್ನೂ ಕೊರೆಯುತ್ತವೆ. ಹೊಸ ಸೀಲ್ ಅದೇ ಗೀರಿನ ಮೇಲೆ ಕೂತರೆ ಮೊದಮೊದಲು ಹೇಗೋ ತಡೆಯುತ್ತದೆ, ಮೆತ್ತಗಾದ ಮೇಲೆ ಕೈಬಿಡುತ್ತದೆ. ನಿಮ್ಮ ಗಾಡಿಯ ಚರಿತ್ರೆಗೆ ಇದು ಚೆನ್ನಾಗಿ ಹೊಂದುತ್ತದೆ. ಇಲ್ಲಿ ಲೇತ್‌ನವರು ಒಂದು ಪದರ ಕೆತ್ತಿ ಕೊಡುತ್ತೇವೆ ಎನ್ನುತ್ತಾರೆ. ಬೇಡ ಎನ್ನಿ. ಟೂಲ್ ಅಡ್ಡಲಾಗಿ ಸರಿದು ಕೆತ್ತಿದಾಗ ಕಣ್ಣಿಗೆ ಕಾಣದ ಸುರುಳಿ ಗೆರೆ ಉಳಿಯುತ್ತದೆ, ಶಾಫ್ಟ್ ತಿರುಗಿದಂತೆ ಆ ಗೆರೆ ಎಣ್ಣೆಯನ್ನು ಪಂಪಿನಂತೆ ಹೊರಗೆ ತಳ್ಳಬಹುದು. ಗೀರಿನ ಮೇಲೆ ತೆಳುವಾದ ಸ್ಟೀಲ್ ಸ್ಲೀವ್ ಏರಿಸಬಹುದು, ಅಥವಾ ಒಳ್ಳೆಯ ಸ್ಥಿತಿಯ ಫ್ಲ್ಯಾಂಜ್ ಹುಡುಕಬಹುದು. ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆ ಅಥವಾ ಮುಂದೆ ಕೂರಿಸಿ ತುಟಿಗೆ ಹೊಸ ದಾರಿ ಕೊಡುವುದು ಅಗ್ಗದ ಉಪಾಯ, ಕೆಲಸವನ್ನೂ ಮಾಡುತ್ತದೆ.

ಸೀಲ್ ಕೂರಿಸುವಾಗ ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗಿರಲಿ. ತುಟಿಗೆ ಎಣ್ಣೆ ಸವರದೆ ಒಣಗಿದ್ದಾಗಲೇ ತಿರುಗಿಸಿದರೆ ಮೊದಲ ಕಿಲೋಮೀಟರಿನಲ್ಲೇ ಸುಡುತ್ತದೆ. ಒಂದೇ ಬದಿಗೆ ಸುತ್ತಿಗೆ ಹೊಡೆದು ಓರೆಯಾಗಿ ಕೂರಿಸಿದ್ದೂ ಸೋರುತ್ತದೆ, ಸೀಲಿನ ಅಗಲದ ಪೈಪ್ ತುಂಡು ಇಟ್ಟು ಸಮವಾಗಿ ಇಳಿಸಬೇಕು.

ನಾನು ಹೆಚ್ಚು ಭಯಪಡುವುದು ಪಿನಿಯನ್ ನಟ್ಟಿಗೆ. ಅದು ಬರಿಯ ಫ್ಲ್ಯಾಂಜ್ ಹಿಡಿಯುವ ನಟ್ಟಲ್ಲ. ಪಿನಿಯನ್ ಬೇರಿಂಗುಗಳಿಗೆ ಎಷ್ಟು ಬಿಗಿ ಇರಬೇಕು ಎಂಬುದು ಅದರ ಮೇಲೂ ನಿಂತಿದೆ. ಕೆಲವು ಆಕ್ಸಲ್‌ಗಳಲ್ಲಿ ಬೇರಿಂಗ್‌ಗಳ ನಡುವೆ ಕುಗ್ಗುವ ಸ್ಲೀವ್ ಇರುತ್ತದೆ, ನಟ್ಟನ್ನು ಅತಿಯಾಗಿ ಬಿಗಿದರೆ ಅದು ನಜ್ಜಾಗಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಗಾಳಿಯ ಗನ್ ಹಿಡಿದು ಝುಯ್ಯೆಂದು ಬಿಗಿಯುವ ಹುಡುಗನನ್ನು ಇಲ್ಲಿಂದ ದೂರವಿಡಿ. ಬಿಚ್ಚುವ ಮೊದಲೇ ನಟ್, ಫ್ಲ್ಯಾಂಜ್, ಶಾಫ್ಟ್ ಮೂರಕ್ಕೂ ಒಂದೇ ನೇರದಲ್ಲಿ ಗುರುತು ಹೊಡೆದು, ನಟ್ಟಿನಿಂದ ಹೊರಗೆ ಕಾಣುವ ಎಳೆಗಳನ್ನು ಎಣಿಸಿ ಬರೆದಿಡಿ. ಎರಡೂ ಡ್ರಮ್ ತೆಗೆದು, ಫ್ಲ್ಯಾಂಜ್‌ಗೆ ದಾರ ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು, ತಿರುಗುತ್ತಿರುವಾಗ ತಕ್ಕಡಿ ತೋರಿಸುವ ಅಂಕಿಯನ್ನೂ ಬರೆದುಕೊಳ್ಳಿ. ಹೊಸ ಸೀಲ್ ಹಾಕಿದ ಮೇಲೆ ನಟ್ ಹಳೆಯ ಗುರುತಿಗೆ ಬರಬೇಕು, ಎಳೆತ ಅಷ್ಟೇ ಇರಬೇಕು ಅಥವಾ ತುಸು ಹೆಚ್ಚು. ಹಿಂದಿನ ಸಲ ಇದನ್ನೆಲ್ಲ ಮಾಡಿದ್ದರೇ ಎಂದು ಮೇಸ್ತ್ರಿಯನ್ನು ಮೆಲ್ಲಗೆ ಕೇಳಿ. ನಟ್ ಸಡಿಲವಾಗಿ ಉಳಿದಿದ್ದರೂ ಸೀಲ್ ಹೀಗೆಯೇ ಸೋಲುತ್ತದೆ.

ಹೌಸಿಂಗ್ ಜೋಡಣೆಯಲ್ಲಿ ಸೋರುತ್ತಿದ್ದರೆ ಮದ್ದು ಸರಳ, ಆದರೆ ಗುಂಡನ್ನು ಹೊರತೆಗೆಯಬೇಕಾಗುತ್ತದೆ: ಎರಡೂ ಮುಖವನ್ನು ಕೆರೆದು ಶುಚಿ ಮಾಡಿ, ಹೊಸ ಪ್ಯಾಕಿಂಗ್ ಇಟ್ಟು, ಸೀಲೆಂಟ್ ತೆಳ್ಳಗೆ ಸವರಿ ಬಿಗಿಯಿರಿ.

140ರ ಎಣ್ಣೆ ಸೋರುವುದನ್ನು ನಿಧಾನಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ, ಬೆಳಗಿನ ಚಳಿಯಲ್ಲಿ ಬೇರಿಂಗ್‌ಗೆ ತಡವಾಗಿ ತಲುಪುತ್ತದೆ. ಹಳೆಯ ಗಾಡಿ ಮಾರುವವರು ಸದ್ದು ಮುಚ್ಚಲು ಮರದ ಹೊಟ್ಟು ತುಂಬುತ್ತಿದ್ದರೆಂಬ ಮಾತಿದೆ, ಇದೂ ಅದೇ ಸಾಲಿನ ವಿದ್ಯೆ. ಅಂಬಾಸಿಡರ್‌ನ ಹೈಪಾಯ್ಡ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಉಜ್ಜುತ್ತವೆ, ಅವಕ್ಕೆ ಜಿಎಲ್-5 ದರ್ಜೆಯ 90 ಅಥವಾ 80ಡಬ್ಲ್ಯೂ-90 ಎಣ್ಣೆ ಬೇಕು. ಹಳೆಯ ಎಣ್ಣೆ ಇಳಿಸುವಾಗ ಬೆರಳಿನಲ್ಲಿ ಉಜ್ಜಿ ನೋಡಿ. ನುಣ್ಣನೆಯ ಬೂದು ಬಣ್ಣದ ಪೇಸ್ಟ್ ಇದ್ದರೆ ಅದು ವಯಸ್ಸಿನ ಸವೆತ. ಚೂರು ಚಕ್ಕೆ ಸಿಕ್ಕರೆ ಸೀಲಿನ ಮಾತು ಬಿಟ್ಟು ಗುಂಡು ಬಿಚ್ಚಿಸಿ.

ಅಲ್ಲಿಯವರೆಗೆ ಓಡಿಸಬಹುದೇ ಎಂದು ಕೇಳಿದ್ದೀರಿ. ಪಿನಿಯನ್ ಮೂತಿ ಬರಿಯ ಪಸೆಯಾಗಿದ್ದರೆ ಓಡಿಸಿ, ವಾರಕ್ಕೊಮ್ಮೆ ಮಟ್ಟ ನೋಡುತ್ತಿರಿ. ನೆಲಕ್ಕೆ ತೊಟ್ಟಿಕ್ಕುತ್ತಿದ್ದರೆ ದೂರದ ಪ್ರಯಾಣ ಬೇಡ. ಆದರೆ ಚಕ್ರದ ಕಡೆಯ ಸೀಲ್ ಸೋತು ಎಣ್ಣೆ ಡ್ರಮ್ ಒಳಗೆ ಇಳಿದಿದ್ದರೆ ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ: ಒಂದು ಬದಿಯ ಬ್ರೇಕ್ ಹಿಡಿದು ಇನ್ನೊಂದು ಜಾರಿದರೆ ಗಾಡಿ ಅಡ್ಡಕ್ಕೆ ತಿರುಗುತ್ತದೆ. ಎಣ್ಣೆ ಕುಡಿದ ಬ್ರೇಕ್ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಯಲ್ಲಿ ಸುಟ್ಟು ಮತ್ತೆ ಹಾಕುವ ರೂಢಿ ಇದೆ. ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಎರಡೂ ಚಕ್ರಗಳಿಗೆ ಹೊಸ ಲೈನರ್ ಹಾಕಿಸಿ, ಎರಡೂ ಬದಿಯ ಸೀಲ್ ಬದಲಾಯಿಸಿ, ಹಬ್ ಬೇರಿಂಗ್‌ನಲ್ಲಿ ಪ್ಲೇ ಇದೆಯೇ ಎಂದು ಆಗಲೇ ನೋಡಿಸಿ.