ಡಬ್ಬಿಗೆ ರೂಲ್ಸ್ ಇದೆ, ಧೂಳಿಗೆ ಇಲ್ಲ

ಮನೆ ಧೂಳು ಅಂದ್ರೆ ಅಪ್ಪ ಅಮ್ಮಂದಿರು ನನ್ನ ಹತ್ರ ಕೇಳೋದು ಎರಡೇ, ಅಲರ್ಜಿ ಆಗುತ್ತಾ, ವೀಝಿಂಗ್ ಬರುತ್ತಾ ಅಂತ. ಮಕ್ಕಳ ಡಾಕ್ಟರ್ ಆಗಿ ನನ್ನ ತಲೆ ಜಾಸ್ತಿ ತಿನ್ನೋದು ಕೆಮ್ಮನ್ನೇ ಬರಿಸದ ಧೂಳು, ಅಂದ್ರೆ ಸೀಸ (ಲೆಡ್) ಬೆರೆತಿರೋ ಧೂಳು. ಮಗು ಅದನ್ನ ಉಸಿರಾಡೋದಕ್ಕಿಂತ ತಿನ್ನೋದೇ ಹೆಚ್ಚು. ಅಂಬೆಗಾಲಿಡೋ ಮಗು ನೆಲದ ಮೇಲೆ ಕೈ ಇಡುತ್ತೆ, ಕೈ ಬಾಯಿಗೆ ಹೋಗುತ್ತೆ, ಬಿದ್ದ ಬಿಸ್ಕೆಟ್ ಎತ್ಕೊಂಡು ತಿನ್ನುತ್ತೆ, ಕಿಟಕಿ ಸರಳು ಹಿಡ್ಕೊಂಡು ನಿಂತು ಅದನ್ನೇ ನೆಕ್ಕುತ್ತೆ. ದಿನವಿಡೀ ಇದೇ ಕೆಲಸ. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಸುಮಾರು ಹತ್ತರಲ್ಲಿ ಒಂದು ಭಾಗ ರಕ್ತಕ್ಕೆ ಸೇರಿದ್ರೆ ಪುಟ್ಟ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಸೇರ್ಕೊಳ್ಳುತ್ತೆ. ಕಬ್ಬಿಣದ ಅಂಶ ಕಮ್ಮಿ ಇರೋ ಮಗು ಆದ್ರೆ ಇನ್ನೂ ಜಾಸ್ತಿ, ನಮ್ಮ ಓಪಿಡಿಗೆ ಬರೋ ಮಕ್ಕಳಲ್ಲಿ ಅಂಥವು ಎಷ್ಟಿರ್ತಾವೆ ಅಂತ ಬೇರೆ ಹೇಳ್ಬೇಕಾಗಿಲ್ಲ.

"ಡಾಕ್ಟ್ರೇ, ಮಣ್ಣು ತಿನ್ನುತ್ತೆ, ಗೋಡೆ ಕೆರೆದು ತಿನ್ನುತ್ತೆ" ಅಂತ ಕರ್ಕೊಂಡ್ ಬರ್ತಾರೆ. ಐರನ್ ಟಾನಿಕ್ ಬರೀತೀವಿ, ಜಂತುಹುಳುವಿನ ಮಾತ್ರೆ ಕೊಡ್ತೀವಿ, ಅದು ಸರಿಯೇ. ಆದ್ರೆ ತಿಂಗಳುಗಟ್ಟಲೆ ಟಾನಿಕ್ ಕುಡಿದ್ರೂ ಹಿಮೋಗ್ಲೋಬಿನ್ ಏರದೇ ಇದ್ರೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಒಂದ್ಸಲ ನೋಡೋದು ಒಳ್ಳೇದು, ಯಾಕಂದ್ರೆ ಹಿಮೋಗ್ಲೋಬಿನ್ ತಯಾರಾಗೋ ದಾರೀಲೇ ಸೀಸ ಅಡ್ಡ ಹಾಕುತ್ತೆ. ಮೆದುಳಿಗೆ ಮಾಡೋ ಹಾನಿ ಇನ್ನೂ ದೊಡ್ಡದು, ಕಲಿಕೆ ಹಿಂದೆ ಬೀಳೋದು, ಗಮನ ನಿಲ್ಲದೇ ಇರೋದು, ಸಿಡುಕು, ಇದ್ಯಾವುದನ್ನೂ ನೋಡಿ ಯಾರೂ ಸೀಸ ಅನ್ನಲ್ಲ, "ತುಂಟ", "ಓದೋದ್ರಲ್ಲಿ ಹಿಂದೆ" ಅಂತಾರೆ ಅಷ್ಟೇ.

ಎಷ್ಟು ಸೀಸ ಇದ್ರೆ ಪರವಾಗಿಲ್ಲ ಅಂತ ಕೇಳಿದ್ರೆ ಸೇಫ್ ಅನ್ನೋ ಮಟ್ಟವೇ ಗೊತ್ತಿಲ್ಲ. ಮಗುವಿನ ರಕ್ತದಲ್ಲಿ ಎಷ್ಟಿದ್ರೆ ಎಚ್ಚರ ವಹಿಸ್ಬೇಕು ಅನ್ನೋದಕ್ಕೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 1991ರಲ್ಲಿ ಡೆಸಿಲೀಟರಿಗೆ (100 ಮಿ.ಲೀ.) 10 ಮೈಕ್ರೋಗ್ರಾಂ ಅಂತಿತ್ತು, 2012ರಲ್ಲಿ 5 ಮಾಡಿದ್ರು, 2021ರಲ್ಲಿ 3.5ಕ್ಕೆ ಇಳಿಸಿದ್ರು. ನಮ್ಮಲ್ಲಿ ಈ ವಿಷಯ ಎತ್ತಿದವರಲ್ಲಿ ಮುಖ್ಯರು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಬಯೋಕೆಮಿಸ್ಟ್ರಿ ಪ್ರೊಫೆಸರ್ ಆಗಿದ್ದ ಡಾ. ತುಪ್ಪಿಲ್ ವೆಂಕಟೇಶ್. ತೊಂಬತ್ತರ ದಶಕದ ಕೊನೇಲಿ ಜಾರ್ಜ್ ಫೌಂಡೇಶನ್ ಅನ್ನೋ ಸೇವಾ ಸಂಸ್ಥೆ ಜೊತೆ ದೇಶದ ದೊಡ್ಡ ಊರುಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಆಗಿನ ಆ 10ರ ಮಿತಿನೇ ದಾಟಿತ್ತು. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರೋದು ನಿಂತ್ಹೋಯ್ತು, ಒಳ್ಳೇದಾಯ್ತು, ಆದ್ರೆ ಎಲ್ಲರೂ ಕತೆ ಮುಗೀತು ಅಂದ್ಕೊಂಡ್ರು.

ಮುಗಿದಿರಲಿಲ್ಲ, ಗೋಡೆ ಬಾಗಿಲಲ್ಲಿ ಇತ್ತು. ಹಳದಿ, ಕೆಂಪು, ಹಸಿರು ಎನಾಮಲ್ ಪೇಂಟಲ್ಲಿ ಬಣ್ಣ ಎದ್ದು ಕಾಣ್ಲಿ ಅಂತಾನೂ ಬೇಗ ಒಣಗ್ಲಿ ಅಂತಾನೂ ಸೀಸದ ಸಂಯುಕ್ತ ಹಾಕ್ತಿದ್ರು. ವಸ್ತುಗಳ ಗುಣಮಟ್ಟ ನಿಗದಿ ಮಾಡೋ ಕೇಂದ್ರದ ಸಂಸ್ಥೆ ಬಿಐಎಸ್ ಹಾಕಿದ ಮಿತಿ ಇತ್ತು, ಕಡ್ಡಾಯ ಇರ್ಲಿಲ್ಲ. ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ನಿಯಮ ಮಾಡ್ತು, 2017ರ ನವೆಂಬರಿಂದ ಮನೆಗೆ ಹೊಡೆಯೋ ಪೇಂಟಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ದಾಟೋ ಹಾಗಿಲ್ಲ. ನಿಯಮ ಚೆನ್ನಾಗಿದೆ, ನನ್ನ ತಕರಾರು ಇರೋದು ಅದು ಎಲ್ಲಿಗೆ ನಿಲ್ಲುತ್ತೆ ಅನ್ನೋದ್ರ ಬಗ್ಗೆ. ಅದು ಅಂಗಡಿಯ ಡಬ್ಬಿಗೆ. 1995ರಲ್ಲಿ ಹೊಡೆದ ಪೇಂಟ್ ಅದೇ ಬಾಗಿಲಲ್ಲಿ ಹೊಸ ಕೋಟಿನ ಅಡೀಲಿ ಹಾಗೇ ಕೂತಿದೆ. ಇಂಡಸ್ಟ್ರಿಯಲ್ ಪೇಂಟೂ ಈ ನಿಯಮದೊಳಗೆ ಬರಲ್ಲ, ಗ್ರಿಲ್ ಮಾಡೋ ಫ್ಯಾಬ್ರಿಕೇಶನ್ ಶಾಪಿನವರು ಯಾವ ಡಬ್ಬಿಯಿಂದ ಹೊಡೆದ್ರು ಅಂತ ನಾವು ಯಾವತ್ತಾದ್ರೂ ಕೇಳಿದೀವಾ?

ಧೂಳು ಹೇಗಾಗುತ್ತೆ ನೋಡಿ. ಕಿಟಕಿ ತೆಗೆದು ಹಾಕೋವಾಗ ಚೌಕಟ್ಟಿಗೆ ಉಜ್ಜಿ ಉಜ್ಜಿ ಪೇಂಟ್ ಪುಡಿಯಾಗುತ್ತೆ, ಅದು ಒಂದು. ದೊಡ್ಡದು ಅಂದ್ರೆ ಹಬ್ಬಕ್ಕೋ ಮದುವೆಗೋ ಪೇಂಟ್ ಮಾಡಿಸೋವಾಗ ಹಳೇದನ್ನ ಒಣಗಿದ ಹಾಗೇ ಸ್ಯಾಂಡ್ ಪೇಪರಲ್ಲಿ ಉಜ್ಜೋದು. ಲೆಕ್ಕ ಹಾಕಿ, ಹಳೇ ಪೇಂಟಲ್ಲಿ ಸೀಸ ಬರೀ ಶೇ. 1 ಇದೆ ಅನ್ನಿ, 1 ಗ್ರಾಂ ಪುಡಿಯಲ್ಲಿ 10,000 ಮೈಕ್ರೋಗ್ರಾಂ ಆಯ್ತು. ಅದನ್ನ ಥರ್ಟಿ ಫಾರ್ಟಿ ಸೈಟಷ್ಟು ಜಾಗಕ್ಕೆ, ಅಂದ್ರೆ 1200 ಚದರ ಅಡಿಗೆ ಹರಡಿದ್ರೆ ಚದರ ಅಡಿಗೆ 8 ಮೈಕ್ರೋಗ್ರಾಂ ದಾಟುತ್ತೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2024ರಲ್ಲಿ ಹಾಕಿದ ನಿಯಮದ ಪ್ರಕಾರ ಸೀಸ ತೆಗೆಯೋ ಕೆಲಸ ಮುಗಿದ ಮೇಲೆ ನೆಲದಲ್ಲಿ ಚದರ ಅಡಿಗೆ 5ಕ್ಕಿಂತ ಕಮ್ಮಿ ಇರ್ಬೇಕು. ಒಂದೇ ಒಂದು ಗ್ರಾಂ! ನಮ್ಮ ಪೇಂಟ್ ನಿಯಮದಲ್ಲಿ ಧೂಳಿನ ಮಾತೇ ಇಲ್ಲ.

ಸೋಫಾ ಫೋಮ್, ಹಳೇ ಟಿವಿ, ಕಂಪ್ಯೂಟರ್ ಪ್ಲಾಸ್ಟಿಕ್ಕಿಂದ ಉದುರೋ ಬೆಂಕಿ ತಡೆಯೋ ಬ್ರೋಮಿನ್ ಕೆಮಿಕಲ್ಲುಗಳೂ ಇದೇ ಧೂಳಲ್ಲಿ ಸೇರ್ತಾವೆ. ಅವುಗಳಲ್ಲಿ ಕೆಲವನ್ನ 2018ರಲ್ಲಿ ನಮ್ಮಲ್ಲೂ ನಿಷೇಧ ಮಾಡಿದ್ರು, ಅಲ್ಲೂ ಅದೇ ತಾಪತ್ರಯ, ಮನೇಲಿರೋ ಹಳೇ ಸೋಫಾಗೆ ನಿಷೇಧ ತಟ್ಟಲ್ಲ.

ಸುಮ್ಸುಮ್ನೆ ಹೆದರೋರೂ ಇದಾರೆ. ಹಳೇ ಮನೆ ರೆಡ್ ಆಕ್ಸೈಡ್ ನೆಲ ಕಿತ್ತಾಕ್ಬೇಕಾ ಅಂತ ಕೇಳ್ತಾರೆ, ಬೇಡ ಮಾರಾಯ್ರೇ, ಅದು ಕಬ್ಬಿಣದ ಆಕ್ಸೈಡ್, ಸೀಸ ಅಲ್ಲ. ಗಟ್ಟಿಯಾಗಿ ಅಂಟ್ಕೊಂಡಿರೋ ಹಳೇ ಪೇಂಟನ್ನೂ ಕೆದಕೋಕೆ ಹೋಗ್ಬೇಡಿ, ಮೇಲೆ ಒಳ್ಳೇ ಕೋಟ್ ಕೊಟ್ಟು ಬಿಡಿ. ಎದ್ದಿದ್ರೆ ಮಾತ್ರ ನೀರು ಚಿಮುಕಿಸಿ ಒದ್ದೆ ಮಾಡ್ಕೊಂಡೇ ಕೆರೆಸಿ, ಗ್ಯಾಸ್ ಟಾರ್ಚಲ್ಲಿ ಸುಡಿಸ್ಬೇಡಿ, ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಸಿ ಸುತ್ತಿ ಎತ್ತಿಸಿ. ದಿನಾ ಒಣ ಪೊರಕೆಯಲ್ಲಿ ಫ್ಯಾನ್ ಹಾಕ್ಕೊಂಡು ಗುಡಿಸಿದ್ರೆ ಧೂಳು ಜಾಗ ಬದಲಾಯಿಸುತ್ತೆ ಅಷ್ಟೇ. ಒದ್ದೆ ಬಟ್ಟೆ, ಸ್ವಲ್ಪ ಸೋಪ್ ನೀರು, ನೀರನ್ನ ಆಗಾಗ ಬದಲಾಯಿಸ್ಬೇಕು, ಕಿಟಕಿ ದಂಡೆ ಮರೀಬಾರ್ದು. ಚಪ್ಪಲಿ ಹೊರಗೆ ಬಿಡೋ ನಮ್ಮ ಪದ್ಧತಿ ಬಂಗಾರದಂಥದ್ದು. ಬ್ಯಾಟರಿ ಕೆಲಸ, ಪೇಂಟಿಂಗ್ ಕೆಲಸ ಮಾಡೋ ಅಪ್ಪಂದಿರು ಬಟ್ಟೆ ಬದಲಾಯಿಸಿ ಸ್ನಾನ ಮಾಡಿ ಆಮೇಲೆ ಮಗು ಎತ್ಕೊಳ್ಲಿ, ಆ ಬಟ್ಟೆ ಬೇರೆಯಾಗೇ ಒಗೀಬೇಕು.

ಟೆಸ್ಟ್ ಮಾಡಿಸೋದಾದ್ರೆ ರಕ್ತನಾಳದಿಂದಲೇ ರಕ್ತ ತೆಗೆಸಿ, ಬೆರಳು ಚುಚ್ಚಿ ತೆಗೆದದ್ರಲ್ಲಿ ಚರ್ಮದ ಮೇಲಿನ ಧೂಳೇ ಸೇರಿ ರಿಪೋರ್ಟ್ ಹೆಚ್ಚು ತೋರಿಸ್ಬಹುದು. ಹೆಚ್ಚು ಬಂದ್ರೆ ಮೊದಲು ಮಾಡೋದು ಸೀಸ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಸೋದು, ಜೊತೆಗೆ ಕಬ್ಬಿಣ, ಕ್ಯಾಲ್ಸಿಯಂ ಸರಿ ಮಾಡೋದು. ಸೀಸ ಹೊರಗೆ ಹಾಕೋ ಔಷಧಿ ಸಾಮಾನ್ಯವಾಗಿ ಡೆಸಿಲೀಟರಿಗೆ 45 ಮೈಕ್ರೋಗ್ರಾಂ ಆದ ಮೇಲೆ.

ಇನ್ನೊಂದು, ಮಗಳು ಬಾಣಂತನಕ್ಕೆ ಬರ್ತಾಳೆ ಅಂತ ತವರಲ್ಲಿ ಮನೆಗೆಲ್ಲ ಪೇಂಟ್ ಮಾಡಿಸ್ತಾರೆ, ಅವಳು ಏಳನೇ ತಿಂಗಳಲ್ಲೇ ಬಂದು ಅದೇ ಮನೇಲಿ ಇರ್ತಾಳೆ, ಪಕ್ಕದ ರೂಮಲ್ಲಿ ಬಾಗಿಲು ಉಜ್ಜುತ್ತಿರ್ತಾರೆ. ತಾಯಿ ರಕ್ತದ ಸೀಸ ನೇರವಾಗಿ ಹೊಟ್ಟೆಯೊಳಗಿನ ಮಗುಗೆ ದಾಟುತ್ತೆ. ಕೆರೆಯೋ ಕೆಲಸ ಅವಳು ಬರೋಕೆ ಮುಂಚೆ ಮುಗಿಸಿ, ಇಡೀ ಮನೆ ಎರಡು ಸಲ ಒದ್ದೆ ಬಟ್ಟೇಲಿ ಒರೆಸಿ, ಆಮೇಲೆ ಕರ್ಕೊಂಡ್ ಬನ್ನಿ.