ಹುಲ್ಲಿನ ಜೊತೆ ಗಾಳಿಗೂ ಬಾಡಿಗೆ

ಭತ್ತದ ಕೊಯ್ಲು ಮುಗಿದ ದಿನಗಳಲ್ಲಿ ಸಿಂಧನೂರಿನಿಂದ ತಾವರಗೇರಾ ಕಡೆ ಹೊರಟರೆ, ಮುಂದೆ ಹುಲ್ಲು ಹೇರಿದ ಟ್ರಾಕ್ಟರ್ ಹೋಗುತ್ತಿರುತ್ತದೆ. ಅರ್ಧ ರಸ್ತೆ ಅದಕ್ಕೇ ಬೇಕು. ನೋಡಲು ಅಷ್ಟು ದೊಡ್ಡ ಹೊರೆ, ತೂಕ ಮಾತ್ರ ಕಡಿಮೆ. ಸಡಿಲ ಹುಲ್ಲು ತುಂಬಿದ ಜಾಗದಲ್ಲಿ ನಿಜವಾಗಿ ಹುಲ್ಲಿರುವುದು ಸ್ವಲ್ಪವೇ. ಉಳಿದದ್ದೆಲ್ಲ ಗಾಳಿ. ಈ ಹುಲ್ಲು ತರಿಸುವ ಕುಷ್ಟಗಿಯ ರೈತ ಆ ಗಾಳಿಗೂ ಡೀಸೆಲ್ ದುಡ್ಡು ಕೊಡುತ್ತಾನೆ.

ಮೊದಲು ಹೀಗಿರಲಿಲ್ಲ. ಇಲ್ಲಿ ಮೇವು ಎಂದರೆ ಜೋಳದ ಕಣಿಕೆ. ಸ್ವಂತ ಹೊಲದಿಂದ ಬಂಡಿಯಲ್ಲಿ ಬರುತ್ತಿತ್ತು. ಬಂಡಿ ಎಳೆಯುತ್ತಿದ್ದದ್ದು ಅದನ್ನು ತಿನ್ನುವ ಎತ್ತುಗಳೇ. ಹಿತ್ತಲಲ್ಲಿ ಬಣವೆ ಒಟ್ಟಿದರೆ ವರ್ಷದ ಚಿಂತೆ ಮುಗಿಯುತ್ತಿತ್ತು.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಹೊಲಗಳಲ್ಲಿ ಜೋಳ ಹಿಂದೆ ಸರಿದು ಭತ್ತ ನಿಂತಿತು. ಎತ್ತಿನ ಕೆಲಸ ಟ್ರಾಕ್ಟರ್ ಪಾಲಾಯಿತು. ಆಮೇಲೆ ಕಟಾವು ಮಷಿನ್ ಬಂತು. ಅದು ಹುಲ್ಲನ್ನು ಗದ್ದೆಯಲ್ಲೇ ಚೆಲ್ಲಿ ಹೋಗುತ್ತದೆ. ಬಳಿದು ಕಟ್ಟಲು ಆಳು ಸಿಗುವುದಿಲ್ಲ, ಮುಂದಿನ ಬೆಳೆಗೆ ಗದ್ದೆ ತೆರವಾಗಬೇಕು. ಎಷ್ಟೋ ಜನ ಬೆಂಕಿ ಇಟ್ಟರು. ಮಳೆಯನ್ನೇ ನಂಬಿದ ಯಲಬುರ್ಗಾ, ಕುಷ್ಟಗಿಯ ದನಗಳಿಗೆ ಬರಗಾಲದಲ್ಲಿ ಮೇವಿರುವುದಿಲ್ಲ. ಕಾಲುವೆ ಕಡೆಯ ಗದ್ದೆಗಳಲ್ಲಿ ಹುಲ್ಲು ಸುಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆ ಸರ್ಕಾರದ ಹಿಡಿತ ಬಿಟ್ಟಿತು. 2017ರ ಜೂನ್‌ನಿಂದ ದಿನದಿನವೂ ಬದಲಾಗತೊಡಗಿತು. ಬಾಡಿಗೆಯ ಲೆಕ್ಕ ಆಗ ಬಿಗಿಯಾಯಿತು.

ಈಗ ಹುಲ್ಲು ಕಟ್ಟುವ ಮಷಿನ್ ಬಂದಿದೆ. ಬಿಗಿಯಾಗಿ ಕಟ್ಟಿದ ಪೆಂಡಿಯಾದರೆ ಅದೇ ಜಾಗಕ್ಕೆ ಎರಡು ಪಟ್ಟು ಹುಲ್ಲು ಹಿಡಿಯುತ್ತದೆ. ಎರಡು ಟ್ರಿಪ್‌ನ ಕೆಲಸ ಒಂದರಲ್ಲೇ ಮುಗಿಯುತ್ತದೆ. ಆದರೆ ಕಟ್ಟುವುದಕ್ಕೂ ಟ್ರಾಕ್ಟರ್ ಓಡಬೇಕು, ಡೀಸೆಲ್ ಸುಡಬೇಕು. ಪಕ್ಕದ ಊರಿಗಾದರೆ ಸಡಿಲ ಹುಲ್ಲೇ ಸಾಕು. ದೂರಕ್ಕೆ ಪೆಂಡಿಯೇ ಸರಿ. ಹಸಿ ಇದ್ದಾಗ ಕಟ್ಟಬಾರದು, ಒಳಗೇ ಬೂಷ್ಟು ಹಿಡಿಯುತ್ತದೆ.

ಇನ್ನೊಂದು ಖರ್ಚು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದು ಖಾಲಿ ಗಾಡಿಯದು. ಕಾರಟಗಿಯ ರೈಸ್ ಮಿಲ್‌ಗೆ ಭತ್ತ ಇಳಿಸಿದ ಗಾಡಿ ಸುಮ್ನೆ ವಾಪಸ್ ಬರುವ ಬದಲು ತೌಡಿನ ಚೀಲ ತರಬಹುದು ಅಲ್ವಾ? ನಾಲ್ಕು ಮನೆಯವರು ಸೇರಿ ತರಿಸಿದರೆ ಅಷ್ಟೇನೂ ಜಾಸ್ತಿ ಡೀಸೆಲ್ ಬೇಕಾಗುವುದಿಲ್ಲ. ಯಾರ ಗಾಡಿ ಯಾವತ್ತು ಹೊರಡುತ್ತದೆ ಅನ್ನೋದು ಬೆಳಿಗ್ಗೆ ಹಾಲು ಹಾಕಲು ಡೇರಿಗೆ ಬಂದವರಿಗೆ ಗೊತ್ತಿರುತ್ತದೆ. ಅಲ್ಲೇ ಮಾತಾಡಿಕೊಳ್ಳಬಹುದು.