ಮೀಥೇನ್ ಉಣಿಸಿದ ಇಂಧನ ಕೋಶ: ತಾಪಮಾನ ಕುಸಿಯುವುದು ಎಲ್ಲಿ?

ಇಂಧನದಿಂದ ನೇರವಾಗಿ ವಿದ್ಯುತ್ ಕೊಡುವ, ಸೆರಾಮಿಕ್ ಪದರವಿರುವ ಘನ ಆಕ್ಸೈಡ್ ಇಂಧನ ಕೋಶ ಕೆಲಸ ಮಾಡುವುದು ಸುಮಾರು 700ರಿಂದ 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಆ ಬಿಸಿಗೆ ಇಂಧನದ ಬದಿಯ ವಿದ್ಯುದ್ವಾರವಾದ ಆನೋಡ್‌ನ ನಿಕಲ್ ಮೇಲೆಯೇ ಮೀಥೇನ್ ಮತ್ತು ಹಬೆ ವರ್ತಿಸಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಕೊಡುತ್ತವೆ. ಇದೇ ರಿಫಾರ್ಮಿಂಗ್. ಈ ಕೋಶದ ಕಂಪ್ಯೂಟರ್ ಮಾದರಿ ಕಟ್ಟುವವರು ಮೊದಲು ಶಾಖದ ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಬೇಕು.

800 ಡಿಗ್ರಿಯಲ್ಲಿ ಒಂದು ಮೋಲ್ ಮೀಥೇನ್‌ನ ರಿಫಾರ್ಮಿಂಗ್ ಸುಮಾರು 225 ಕಿಲೋಜೌಲ್ ಶಾಖ ಹೀರುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಬೆಯೊಂದಿಗೆ ವರ್ತಿಸಿದಾಗ ಸುಮಾರು 34 ಮರಳಿ ಬರುತ್ತದೆ. ಒಟ್ಟು ನಾಲ್ಕು ಮೋಲ್ ಹೈಡ್ರೋಜನ್ ಸಿಕ್ಕಿತು. ಪ್ರತಿ ಮೋಲ್ ಉತ್ಕರ್ಷಣೆಯಿಂದ 248 ಕಿಲೋಜೌಲ್, 0.7 ವೋಲ್ಟ್‌ನಲ್ಲಿ ಅದರಲ್ಲಿ 135 ವಿದ್ಯುತ್ತಾದರೆ 113 ಶಾಖವಾಗಿ ಉಳಿಯುತ್ತದೆ. ನಾಲ್ಕಕ್ಕೆ 452. ನಿವ್ವಳವಾಗಿ ಹೀರಿದ್ದನ್ನು (225ರಲ್ಲಿ 34 ಕಳೆದು 191) ಕಳೆದರೂ 260ರಷ್ಟು ಮಿಗುತ್ತದೆ.

ಅಂದರೆ ಇಡೀ ಕೋಶವನ್ನು ಒಂದೇ ಬಿಂದುವೆಂದು ಎಣಿಸಿದರೆ ಅದು ಬಿಸಿಯಾಗುತ್ತದೆ, ಅಷ್ಟೇ. ನಿಜವಾದ ಅಪಾಯ ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ! ನಿಕಲ್ ಮೇಲೆ ರಿಫಾರ್ಮಿಂಗ್ ಎಷ್ಟು ಬೇಗ ನಡೆಯುತ್ತದೆಂದರೆ, ಇಂಧನ ಒಳಬರುವ ತುದಿಯಲ್ಲೇ ಅದರ ಬಹುಪಾಲು ಮುಗಿದಿರುತ್ತದೆ. ಶಾಖ ಹುಟ್ಟುವುದು ಮಾತ್ರ ಇಂಧನ ಹರಿಯುವ ಕಾಲುವೆಯ ಉದ್ದಕ್ಕೂ. ಹಾಗಾಗಿ ಆರಂಭದಲ್ಲಿ ತಾಪಮಾನ ಕುಸಿದು, ಮುಂದೆ ಏರುತ್ತದೆ. ಈ ಏರಿಳಿತವೇ ಸೆರಾಮಿಕ್ ಪದರವನ್ನು ಬಿರುಕುಗೊಳಿಸಬಲ್ಲದು.

ಮೀಥೇನ್‌ನ ಒಂದು ಪಾಲನ್ನು ಕೋಶದ ಹೊರಗೇ ರಿಫಾರ್ಮ್ ಮಾಡುವುದು ಇದಕ್ಕಾಗಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಮಾನದಂಡ ಸಮಸ್ಯೆಯಲ್ಲಿ (ಬೇರೆ ಬೇರೆ ಮಾದರಿಗಳನ್ನು ಹೋಲಿಸಿ ನೋಡುವ ಲೆಕ್ಕದಲ್ಲಿ) ಒಳಬರುವ ಅನಿಲ ಹೀಗಿದೆ: ಮೀಥೇನ್ ಶೇ 17.10, ಹೈಡ್ರೋಜನ್ 26.26, ಕಾರ್ಬನ್ ಮಾನಾಕ್ಸೈಡ್ 2.94, ಕಾರ್ಬನ್ ಡೈಆಕ್ಸೈಡ್ 4.36, ಹಬೆ 49.34. ಇಂಗಾಲವಿರುವ ಮೂರನ್ನೂ ಕೂಡಿಸಿದರೆ 24.40; ಅದರಲ್ಲಿ ಮೀಥೇನ್ ಶೇ 70. ಎಂದರೆ ಶೇ 30 ಆಗಲೇ ರಿಫಾರ್ಮ್ ಆಗಿದೆ. ಆಕ್ಸಿಜನ್ ಪರಮಾಣುಗಳನ್ನು ಎಣಿಸಿದರೆ 61.00, 24.40ರಿಂದ ಭಾಗಿಸಿದರೆ ಆರಂಭದ ಹಬೆ–ಇಂಗಾಲ ಅನುಪಾತ 2.5. ಹಬೆ ಬಹಳ ಕಡಿಮೆಯಾದರೆ ನಿಕಲ್ ಮೇಲೆ ಮಸಿ ಕಟ್ಟುತ್ತದೆ. ಪರಮಾಣುಗಳ ಈ ತಾಳೆಯನ್ನು ನಿಮ್ಮ ಪ್ರೋಗ್ರಾಂ ಕಾಲುವೆಯ ಪ್ರತಿ ತುಂಡಿನಲ್ಲೂ ಮಾಡಲಿ.

ಇನ್ನು ಪರಿಹಾರದ ಕ್ರಮ. ಕಾಲುವೆಯನ್ನು ತುಂಡುಗಳಾಗಿ ಸೀಳಿ. ವಿದ್ಯುತ್ ಸಂಗ್ರಾಹಕಗಳು ಉತ್ತಮ ವಾಹಕಗಳಾದ್ದರಿಂದ ವೋಲ್ಟೇಜ್ ಎಲ್ಲೆಡೆಯೂ ಒಂದೇ, ಬದಲಾಗುವುದು ಪ್ರವಾಹ ಸಾಂದ್ರತೆ, ಅಂದರೆ ಪ್ರತಿ ಚದರಳತೆಯಲ್ಲಿ ಹರಿಯುವ ವಿದ್ಯುತ್. ಅದನ್ನೇ ಸಮವೆಂದು ಹಿಡಿದರೆ ಮಾದರಿ ದಾರಿ ತಪ್ಪುತ್ತದೆ: ತಂಪಾದ ಕಡೆ ವಿದ್ಯುದ್ವಿಚ್ಛೇದ್ಯದ (ಆಕ್ಸಿಜನ್ ಅಯಾನುಗಳು ಸಾಗುವ ಸೆರಾಮಿಕ್ ಪದರದ) ರೋಧ ಹೆಚ್ಚುತ್ತದೆ, ಅಲ್ಲಿ ವಿದ್ಯುತ್ ಕಡಿಮೆ ಹರಿಯುತ್ತದೆ, ಶಾಖವೂ ಕಡಿಮೆ ಹುಟ್ಟುತ್ತದೆ. ಪ್ರವಾಹವಿಲ್ಲದಾಗ ಅಲ್ಲಿನ ಅನಿಲಗಳು ಕೊಡುವ ನೆರ್ನ್ಸ್ಟ್ ವೋಲ್ಟೇಜ್‌ನಿಂದ ನಷ್ಟಗಳನ್ನು ಕಳೆದು ಪ್ರತಿ ತುಂಡಿನ ವಿದ್ಯುತ್ ಪ್ರವಾಹ ಕಂಡುಹಿಡಿಯಿರಿ, ಬಳಿಕ ತಾಪಮಾನ ತಿದ್ದಿ, ಫಲಿತಾಂಶ ಬದಲಾಗದೆ ನಿಲ್ಲುವವರೆಗೆ ಪುನರಾವರ್ತಿಸಿ. ಪ್ರವೇಶದ ಬಳಿ ತುಂಡುಗಳು ಸಣ್ಣದಾಗಿರಲಿ. ತುಂಡುಗಳ ಸಂಖ್ಯೆ ಇಮ್ಮಡಿಸಿದಾಗ ಅಲ್ಲಿನ ಕನಿಷ್ಠ ತಾಪಮಾನ ಬದಲಾದರೆ ಇನ್ನೂ ಸಣ್ಣದಾಗಿಸಬೇಕು.